ಮಗ ಟ್ರಾವೆಲ್ ಟ್ರೈಲರ್ ಕೊಳ್ಳುತ್ತಾನಂತೆ. ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಿಗೆ ಎಷ್ಟು ಉದ್ದದ್ದು ಸರಿ?

ಕುವೆಂಪುನಗರ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಮಗ, ಸೊಸೆ, ಮೊಮ್ಮಗಳು ಡೆನ್ವರ್‌ನಲ್ಲಿ ಇದ್ದಾರೆ. ಮುಂದಿನ ಬೇಸಿಗೆಗೆ ನಾವಿಬ್ಬರೂ ಮೈಸೂರಿನಿಂದ ಅಲ್ಲಿಗೆ ಹೋಗುತ್ತೇವೆ. ಕಾರಿನ ಹಿಂದೆ ಕಟ್ಟಿಕೊಂಡು ಎಳೆದುಕೊಂಡು ಹೋಗುವ ಟ್ರೈಲರ್ ಮನೆ ಇರುತ್ತಲ್ಲ, ಅದನ್ನು ತಗೊಂಡು ಯೆಲ್ಲೋಸ್ಟೋನ್, ಗ್ಲೇಷಿಯರ್, ಝಯಾನ್, ಗ್ರ್ಯಾಂಡ್ ಕ್ಯಾನ್ಯನ್ ಎಲ್ಲ ತೋರಿಸಬೇಕು ಅಂತ ಮಗನ ಆಸೆ. ಅವನು ನೋಡಿಟ್ಟಿರುವುದು 28 ಅಡಿಯ ಸೆಕೆಂಡ್ ಹ್ಯಾಂಡ್ ಟ್ರೈಲರ್. ಐದು ಜನ ಆರಾಮಾಗಿ ಮಲಗಬಹುದಂತೆ. ಕಾರು ಟೊಯೊಟಾ ಹೈಲ್ಯಾಂಡರ್, ಪೆಟ್ರೋಲ್ ಮಾಡೆಲ್. ಈ ಕಾರು ಎಳೆಯುತ್ತೆ, ಯೋಚನೆ ಬೇಡ ಅಂತ ಮಾರುವವರು ಹೇಳಿದ್ದಾರಂತೆ.

ನನಗೆ ಎರಡು ಮೂರು ಚಿಂತೆ. ರಾತ್ರಿ ನಾನು ಸಿಪ್ಯಾಪ್ (ನಿದ್ದೆಯಲ್ಲಿ ಉಸಿರಾಟ ನಿಲ್ಲದ ಹಾಗೆ ಗಾಳಿ ಒತ್ತುವ) ಮೆಷಿನ್ ಹಾಕಿಕೊಂಡೇ ಮಲಗಬೇಕು, ಕಾಡಿನೊಳಗೆ ಕರೆಂಟ್ ಇರುತ್ತಾ? ನಮ್ಮ ಮನೆಯವರಿಗೆ ಮಂಡಿ ನೋವು. ಅಷ್ಟು ಉದ್ದದ ಗಾಡಿ ಪಾರ್ಕಿನ ರಸ್ತೆಗಳಲ್ಲಿ ಹೋಗುತ್ತಾ? ಅಲ್ಲಿ ಇದ್ದು ಬಂದವರು, ಮಕ್ಕಳ ಜೊತೆ ಸುತ್ತಿ ಬಂದವರು ದಯವಿಟ್ಟು ಬಿಡಿಸಿ ಹೇಳಿ. ಮಗನಿಗೆ ಇದೇ ಲಿಂಕ್ ಕಳಿಸುತ್ತೇನೆ.

ವಿಜಯನಗರ ಸೆಕೆಂಡ್ ಸ್ಟೇಜ್:

ಸರ್, ಕೆಲಸದ ಮೇಲೆ ಕೆಲವು ವರ್ಷ ಕೊಲೊರಾಡೋದಲ್ಲೇ ಇದ್ದೆ, ಈಗ ಮೈಸೂರಿಗೆ ವಾಪಸ್ ಬಂದಿದ್ದೇನೆ. ನಿಮ್ಮ ಮಗ ಟ್ರೈಲರ್ ಮೊದಲು ಆರಿಸಿ ಪಾರ್ಕ್ ಆಮೇಲೆ ನೋಡುತ್ತಿದ್ದಾರೆ. ಅದನ್ನು ತಿರುವುಮುರುವು ಮಾಡಬೇಕು. ಯಾವ ಪಾರ್ಕಿನ ಯಾವ ಕ್ಯಾಂಪ್‌ಗ್ರೌಂಡಿನಲ್ಲಿ ಉಳಿಯುತ್ತೀರಿ ಅನ್ನೋದು ಮೊದಲು, ಕಾರು ಎಷ್ಟು ಹೊರುತ್ತೆ ಅನ್ನೋದು ಎರಡನೆಯದು, ಟ್ರೈಲರ್ ಕೊನೆಗೆ.

ಯಾಕೆ ಅಂದರೆ ಅಲ್ಲಿನ ಹಳೆಯ ಕ್ಯಾಂಪ್‌ಗ್ರೌಂಡುಗಳನ್ನು ಕಟ್ಟಿದಾಗ ಇಷ್ಟು ಉದ್ದದ ಗಾಡಿಗಳು ಇರಲೇ ಇಲ್ಲ. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್‌ನ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಿ 30 ಅಡಿಗಿಂತ ಉದ್ದದ್ದನ್ನು ಬಿಡುವುದಿಲ್ಲ, ಕರೆಂಟ್ ಕನೆಕ್ಷನ್ನೂ ಇಲ್ಲ. ಪಕ್ಕದಲ್ಲೇ ಟ್ರೈಲರ್ ವಿಲೇಜ್ ಇದೆ, ಅಲ್ಲಿ ಕರೆಂಟ್, ನೀರು, ಕೊಳಚೆ ಪೈಪ್ ಮೂರೂ ಸಿಗುತ್ತೆ, 50 ಅಡಿವರೆಗೂ ನಿಲ್ಲಿಸಬಹುದು. ಯೊಸೆಮಿಟಿಗೆ ಹೋದರೆ ಅಪ್ಪರ್ ಪೈನ್ಸ್‌ನಲ್ಲಿ ಟ್ರೈಲರಿಗೆ 24 ಅಡಿ ಮಿತಿ. ಆ ಪಾರ್ಕಿನ ಯಾವ ಕ್ಯಾಂಪ್‌ಗ್ರೌಂಡಿನಲ್ಲೂ ಕನೆಕ್ಷನ್ ಇಲ್ಲ. ಇನ್ನು ಹೆಸರಿನಲ್ಲಿ 28 ಅಂತ ಇದ್ದರೆ ಉದ್ದ 28 ಅಡಿಯೇ ಅಂತ ಅಂದುಕೊಳ್ಳಬೇಡಿ. ಮುಂದಿನ ಕೊಂಡಿ, ಹಿಂದಿನ ಬಂಪರ್ ಸೇರಿ ಎಷ್ಟೋ ಮಾಡೆಲ್‌ಗಳು ಮೂರು ನಾಲ್ಕು ಅಡಿ ಜಾಸ್ತಿ ಇರುತ್ತವೆ. ಬುಕ್ ಮಾಡುವಾಗ ಕೊಡಬೇಕಾದ್ದು ಟೇಪ್ ಹಿಡಿದು ಅಳೆದ ಉದ್ದ.

ರಸ್ತೆ ವಿಷಯ. ಗ್ಲೇಷಿಯರ್‌ನ ಗೋಯಿಂಗ್ ಟು ದಿ ಸನ್ ರಸ್ತೆಯಲ್ಲಿ ಅವಲಾಂಚ್ ಕ್ಯಾಂಪ್‌ಗ್ರೌಂಡಿನಿಂದ ರೈಸಿಂಗ್ ಸನ್ ಪಿಕ್ನಿಕ್ ಜಾಗದವರೆಗೆ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ಗಾಡಿಗೆ ಪ್ರವೇಶವೇ ಇಲ್ಲ. ಇದು ಕಾರು ಮತ್ತು ಟ್ರೈಲರ್ ಎರಡೂ ಸೇರಿದ ಉದ್ದ. ಅಂದರೆ ಎಷ್ಟೇ ಪುಟ್ಟ ಟ್ರೈಲರ್ ಆದರೂ ಅದನ್ನು ಕ್ಯಾಂಪ್‌ನಲ್ಲಿ ಬಿಚ್ಚಿಟ್ಟು ಬರೀ ಕಾರಿನಲ್ಲಿ ಹೋಗಬೇಕು. ಟ್ರೈಲರಿನ ದೊಡ್ಡ ಅನುಕೂಲವೇ ಅದು, ಮೋಟರ್ ಹೋಮ್, ಅಂದರೆ ಎಂಜಿನ್ನೂ ಮನೆಯೂ ಒಂದೇ ಗಾಡಿಯಲ್ಲಿ ಇರುವುದನ್ನು ತಗೊಂಡವರಿಗೆ ಇದು ಆಗಲ್ಲ. ಝಯಾನ್‌ನಲ್ಲಿ 1930ರಲ್ಲಿ ತೆರೆದ ಸುರಂಗ ಇದೆ, ಆ ಕಾಲದ ಕಾರುಗಳ ಅಳತೆಗೆ ಕೊರೆದದ್ದು. ಎತ್ತರ 11 ಅಡಿ 4 ಇಂಚು, ಅಗಲ 7 ಅಡಿ 10 ಇಂಚು ಮುಟ್ಟಿದ ಗಾಡಿಗಳಿಗೆ ಅಲ್ಲಿ ನಿರ್ಬಂಧ. ದೊಡ್ಡ ಟ್ರೈಲರುಗಳು ಎಷ್ಟೋ 8 ಅಡಿ ಅಗಲ ಇರುತ್ತವೆ. ಹಾಗಾಗಿ ಬೇರೆ ದಾರಿ ಹಿಡಿದು ದಕ್ಷಿಣದ ಗೇಟಿನಿಂದ ಹೋಗುವ ಪ್ಲಾನ್ ಮಾಡಿ.

ಕರೆಂಟ್ ಬೇಕು ಅಂದರೆ ಝಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನ ಎ ಮತ್ತು ಬಿ ಲೂಪ್ (ಆ ಹೆಸರಿನ ಎರಡು ಭಾಗ) ಹಿಡಿಯಿರಿ. ಯೆಲ್ಲೋಸ್ಟೋನ್‌ನಲ್ಲಿ ಮೂರೂ ಕನೆಕ್ಷನ್ ಇರುವುದು ಫಿಶಿಂಗ್ ಬ್ರಿಡ್ಜ್ ಒಂದರಲ್ಲೇ. ಅಲ್ಲಿ ಗ್ರಿಜ್ಲಿ ಕರಡಿ ಓಡಾಡುತ್ತೆ ಅಂತ ಗಟ್ಟಿ ಗೋಡೆಯ ಗಾಡಿ ಮಾತ್ರ ಬಿಡುತ್ತಾರೆ. ಟೆಂಟ್ ಇಲ್ಲ, ಬಟ್ಟೆಯ ಗೋಡೆ ಬಿಚ್ಚಿಕೊಳ್ಳುವ ಪಾಪ್ ಅಪ್ ಟ್ರೈಲರೂ ಇಲ್ಲ.

ಸಿಪ್ಯಾಪ್ ಬಗ್ಗೆ ಹೆದರಬೇಡಿ. ಬಿಸಿನೀರಿನ ಹ್ಯುಮಿಡಿಫೈಯರ್ ಆಫ್ ಇಟ್ಟರೆ ಅದು ತಿನ್ನುವ ಕರೆಂಟ್ ಬಹಳ ಕಡಿಮೆ. ನಿಮ್ಮ ಮೆಷಿನ್‌ಗೆ ಹೊಂದುವ 12 ವೋಲ್ಟ್ ಅಡಾಪ್ಟರ್ ಇಲ್ಲಿಂದಲೇ ತಗೊಂಡು ಹೋಗಿ, ನೇರ ಬ್ಯಾಟರಿಯಿಂದ ನಡೆಯುತ್ತೆ. 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಇದ್ದರೆ ರಾತ್ರಿ ಪೂರ್ತಿ ಸಾಕು. ಹಳೆಯ ಲೆಡ್ ಆಸಿಡ್ ಬ್ಯಾಟರಿ ಆದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು, ಮೇಲೆ ಚಳಿಗೆ ಹೀಟರ್ ಫ್ಯಾನೂ ಅದರಿಂದಲೇ ಎಳೆಯುತ್ತೆ. ಇದನ್ನು ಮಗನಿಗೆ ಒತ್ತಿ ಹೇಳಿ. ರಾತ್ರಿ ಜನರೇಟರ್ ಹಾಕಿಕೊಳ್ಳೋಣ ಅಂದರೆ ಆಗಲ್ಲ. ಯೊಸೆಮಿಟಿಯಲ್ಲಿ ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7, ಅಷ್ಟೇ ಟೈಮು.

ಮಂಡ್ಯ ಟ್ರ್ಯಾಕ್ಟರ್:

ಮೇಷ್ಟ್ರೇ, ನಾನು ಅಮೆರಿಕ ನೋಡಿಲ್ಲ. ಆದರೆ ಟ್ರೈಲರ್ ಎಳೆಯೋದು ನನ್ನ ದಿನದ ಕೆಲಸ, ಕಬ್ಬಿನ ಲೋಡು. ತಂಗಿಯ ಗಂಡ ಟೆಕ್ಸಸ್‌ನಲ್ಲಿದ್ದಾನೆ, ಅವನು ಕೊಳ್ಳುವಾಗ ಫೋನಿನಲ್ಲಿ ಇದೇ ವಿಷಯ ರಾತ್ರಿಯೆಲ್ಲ ಮಾತಾಡಿದ್ದೆವು. ಅದಕ್ಕೆ ಬರೆಯುತ್ತಿದ್ದೇನೆ.

ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಮಾರುವವರು ಹೇಳೋದು ಎಳೆಯುವ ಲೆಕ್ಕ. ಎತ್ತಿನ ಗಾಡಿ ನೋಡಿದ್ದೀರಲ್ಲ, ಹೇರು ಹಿಂದಕ್ಕೆ ಜಾಸ್ತಿ ಆದರೆ ಮೂಕಿ ಎದ್ದು ಎತ್ತಿನ ಕುತ್ತಿಗೆ ಹಿಡಿಯುತ್ತೆ, ಮುಂದಕ್ಕೆ ಜಾಸ್ತಿ ಆದರೆ ನೊಗ ಕುತ್ತಿಗೆ ಮೇಲೆ ಕೂರುತ್ತೆ. ಟ್ರೈಲರೂ ಹಾಗೆಯೇ. ಅದರ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಕಾರಿನ ಕೊಂಡಿ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆ ಆದರೆ ಹೈವೇಯಲ್ಲಿ ಹಿಂದಿನ ಗಾಡಿ ಬಾಲ ಆಡಿಸಲು ಶುರು ಮಾಡುತ್ತೆ, ಪಕ್ಕದಲ್ಲಿ ದೊಡ್ಡ ಲಾರಿ ಹಾದರೆ ಇನ್ನೂ ಜಾಸ್ತಿ, ಆಮೇಲೆ ಕಾರನ್ನೂ ಎಳೆದುಕೊಂಡೇ ಹೋಗುತ್ತೆ.

ಈಗ ಲೆಕ್ಕ ಹಾಕಿ. ಟ್ರೈಲರ್ 5000 ಪೌಂಡ್ ಅಂದುಕೊಳ್ಳಿ, ಕೊಂಡಿ ಮೇಲೆ 600 ಪೌಂಡ್ ಕೂರುತ್ತೆ. ಆ 600 ಕಾರು ಹೊರುವ ಭಾರದಲ್ಲೇ ಸೇರುತ್ತೆ. ಕಾರು ಎಷ್ಟು ಹೊರಬಹುದು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಬಿಳಿ ಸ್ಟಿಕರಿನಲ್ಲಿ ಇರುತ್ತೆ. ಅಲ್ಲಿ 1300 ಅಂತ ಇದ್ದರೆ 600 ಹೋಗಿ ಉಳಿದದ್ದು 700. ಅದರಲ್ಲಿ ನೀವು ಐದು ಜನ, ಡಿಕ್ಕಿಯಲ್ಲಿರುವ ಲಗೇಜ್, ಕೊಂಡಿಯ ಕಬ್ಬಿಣ ಎಲ್ಲ ಮುಗಿಯಬೇಕು. ಮುಗಿಯಲ್ಲ, ಅಲ್ವಾ?

ಹೈಲ್ಯಾಂಡರ್ ಪೆಟ್ರೋಲ್ ಮಾಡೆಲ್ 5000 ಪೌಂಡ್‌ವರೆಗೆ ಎಳೆಯುತ್ತೆ, ಹೈಬ್ರಿಡ್ ಆದರೆ 3500. ನಿಮ್ಮ 28 ಅಡಿಯದ್ದು ಸಾಮಾನು, ನೀರು ತುಂಬಿದ ಮೇಲೆ 5000 ದಾಟೇ ದಾಟುತ್ತೆ. ಬ್ರೋಷರಿನಲ್ಲಿ ಬರೆದಿರೋದು ಖಾಲಿ ತೂಕ. 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಬರೀ ನೀರೇ 150 ಕೆಜಿ. ಆ ಟ್ರೈಲರ್ ಮೇಲೆ ಆಸೆ ಇದ್ದರೆ ಕಾರು ಬದಲಾಯಿಸಿ ಪಿಕಪ್ ತಗೊಳ್ಳಲಿ. ಇಲ್ಲವಾದರೆ ಟ್ರೈಲರ್ ಬದಲಾಯಿಸಲಿ. ಇವೆರಡರ ನಡುವೆ ಮೂರನೇ ದಾರಿ ಹುಡುಕಬೇಡಿ ಅಂತ ಕೈಮುಗಿದು ಕೇಳುತ್ತೇನೆ, ಹಿಂದಿನ ಸೀಟಿನಲ್ಲಿ ಮಗು ಇರುತ್ತೆ.

ಟ್ರೈಲರಿಗೆ ಸ್ವಂತ ಎಲೆಕ್ಟ್ರಿಕ್ ಬ್ರೇಕ್ ಇರುತ್ತೆ, ಅದನ್ನು ನಡೆಸಲು ಕಾರಿನೊಳಗೆ ಬ್ರೇಕ್ ಕಂಟ್ರೋಲರ್ ಹಾಕಿಸಲೇಬೇಕು. ಇಳಿಜಾರಿನಲ್ಲಿ ಕಲ್ಲಟ್ಟಿ ಘಾಟಿ ಇಳಿಯೋ ಹಾಗೆ ಲೋ ಗೇರಿನಲ್ಲೇ ಇಳಿಯಬೇಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಕಾದು ಕೈಕೊಡುತ್ತೆ.

ಸರಸ್ವತಿಪುರಂ ಅಜ್ಜಿ:

ಮೇಷ್ಟ್ರೇ, ನಾನು ಮಗಳು ಅಳಿಯನ ಜೊತೆ ಟ್ರೈಲರಿನಲ್ಲಿ ಯೆಲ್ಲೋಸ್ಟೋನ್‌ಗೆ ಹೋಗಿ ಬಂದವಳು. ನಿಮ್ಮ ಮನೆಯವರ ಮಂಡಿ ವಿಷಯ ಓದಿ ಬರೆಯಬೇಕು ಅನ್ನಿಸಿತು. ಗಂಡಸರು ತೂಕ, ಉದ್ದ ಎಲ್ಲ ಹೇಳಿದ್ದಾರೆ. ಒಳಗೆ ಏನು ನೋಡಬೇಕು ಅಂತ ನಾನು ಹೇಳುತ್ತೇನೆ.

ಮಂಚ ಮೊದಲು. ಸಣ್ಣ ಟ್ರೈಲರುಗಳಲ್ಲಿ ಮಂಚವನ್ನು ಮೂಲೆಗೆ ಒತ್ತಿಬಿಟ್ಟಿರುತ್ತಾರೆ. ಗೋಡೆ ಕಡೆ ಮಲಗಿದವರು ರಾತ್ರಿ ಬಚ್ಚಲಿಗೆ ಏಳಬೇಕಾದರೆ ಇನ್ನೊಬ್ಬರನ್ನು ದಾಟಿಕೊಂಡೇ ಇಳಿಯಬೇಕು. ಮಂಡಿ ನೋವಿಗೆ ಇದು ಆಗುವ ಮಾತಲ್ಲ. ಎರಡೂ ಕಡೆ ಕಾಲಿಡಲು ಜಾಗ ಇರುವ ಮಂಚ ಬೇಕು, ಇಲ್ಲವೇ ಎರಡು ಒಂಟಿ ಮಂಚ. ಬಾಗಿಲ ಮೆಟ್ಟಿಲು ಎಷ್ಟು ಎತ್ತರ, ಹಿಡಿದುಕೊಳ್ಳಲು ಕಂಬಿ ಇದೆಯಾ ಅಂತ ನೋಡಲಿ. ಕೆಲವದರಲ್ಲಿ ಕಮೋಡ್ ಮೇಲೆಯೇ ಶವರ್ ಇರುತ್ತೆ, ಸ್ನಾನ ಆದ ಮೇಲೆ ಇಡೀ ನೆಲ ಒದ್ದೆ, ಜಾರುತ್ತೆ. ಬೇರೆ ಬೇರೆ ಇರುವುದನ್ನೇ ಆರಿಸಿ.

ನೀರಿನ ವಿಷಯ ಸಂಕೋಚ ಇಲ್ಲದೆ ಹೇಳುತ್ತೇನೆ. ಕನೆಕ್ಷನ್ ಇಲ್ಲದ ಕಡೆ ಟ್ಯಾಂಕಿನಲ್ಲಿ ಇದ್ದಷ್ಟೇ ನೀರು. ನಮ್ಮ ಹಾಗೆ ನೀರು ಬಳಸುವವರಿಗೆ ಕೊಳಚೆ ಟ್ಯಾಂಕ್ ಬೇಗ ತುಂಬುತ್ತೆ. ಕ್ಯಾಂಪ್‌ಗ್ರೌಂಡಿನ ಶೌಚಾಲಯ ಹತ್ತಿರ ಇರುವ ಸೈಟ್ ಬುಕ್ ಮಾಡಿಸಿ, ಒಂದು ಚೊಂಬು ಇಟ್ಟುಕೊಳ್ಳಿ.

ಅಡುಗೆಗೆ ಕುಕ್ಕರ್ ಮರೆಯಲೇಬೇಡಿ. ಯೆಲ್ಲೋಸ್ಟೋನ್ ಕೆರೆ 7700 ಅಡಿ ಎತ್ತರದಲ್ಲಿದೆ, ನಮ್ಮ ಮೈಸೂರು 2500. ಅಷ್ಟು ಮೇಲೆ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತೆ, ಪಾತ್ರೆಯಲ್ಲಿ ಇಟ್ಟರೆ ತೊಗರಿಬೇಳೆ ಬೇಯುವುದೇ ಇಲ್ಲ. ಮಗಳ ಕುಕ್ಕರಿನಲ್ಲಿ ಮಾಮೂಲಿಗಿಂತ ಎರಡು ಕೂಗು ಜಾಸ್ತಿ ಕೂಗಿಸಿ ಸಾರು ಮಾಡುತ್ತಿದ್ದೆ. ಒಗ್ಗರಣೆ ಮಾತ್ರ ಒಳಗೆ ಬೇಡ. ಮೆಣಸಿನಕಾಯಿ ಘಾಟು ಏಳುತ್ತಿದ್ದಂತೆ ತಲೆ ಮೇಲಿನ ಸ್ಮೋಕ್ ಅಲಾರಂ ಕಿರುಚಿಕೊಳ್ಳುತ್ತೆ, ಮಗು ಮಲಗಿದ್ದರೆ ಎದ್ದು ಅಳುತ್ತೆ. ಹೊರಗೆ ಇಡುವ ಸಣ್ಣ ಗ್ಯಾಸ್ ಒಲೆ ಒಂದು ಇರಲಿ. ಅಡುಗೆ ಆದ ತಕ್ಷಣ ಒಲೆ, ಪಾತ್ರೆ, ಎಣ್ಣೆ ಬಾಟಲಿ ಎಲ್ಲ ಒಳಗೆ. ಕರಡಿ ಇರುವ ಜಾಗ, ಒಂದು ತುತ್ತು ಅನ್ನವನ್ನೂ ಹೊರಗೆ ಬಿಡುವ ಹಾಗಿಲ್ಲ.

ಇನ್ನೊಂದು ಮಾತು. ಪ್ರಯಾಣ ಮಾಡುವಾಗ ಹಿಂದೆ ಟ್ರೈಲರಿನಲ್ಲಿ ಮಲಗಿಕೊಂಡು ಬರೋಣ ಅಂತ ಅಂದುಕೊಳ್ಳಬೇಡಿ. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಅದಕ್ಕೆ ಅವಕಾಶ ಇಲ್ಲ, ಎಲ್ಲರೂ ಕಾರಿನಲ್ಲೇ ಕೂರಬೇಕು. ಮಂಡಿ ಮಡಚಿಕೊಂಡು ತುಂಬಾ ಹೊತ್ತು ಕೂರುವುದು ಕಷ್ಟ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಅಂತ ಮಗನಿಗೆ ಈಗಲೇ ಹೇಳಿಡಿ.

ಹುಣಸೂರು ರೋಡ್:

ಪ್ರಶ್ನೆ ಮಧ್ಯೆ ಇನ್ನೊಂದು ಪ್ರಶ್ನೆ. ಇಂಥದ್ದನ್ನು ಇಲ್ಲೇ ಮಾಡಿಸಿಕೊಂಡು ಬಂಡೀಪುರ, ನಾಗರಹೊಳೆ ಒಳಗೆ ರಾತ್ರಿ ಉಳಿಯಬಹುದಾ?

ವಿಜಯನಗರ ಸೆಕೆಂಡ್ ಸ್ಟೇಜ್:

ಇಲ್ಲ. ನಮ್ಮ ನ್ಯಾಷನಲ್ ಪಾರ್ಕ್ ಒಳಗೆ ಸ್ವಂತ ಗಾಡಿ ನಿಲ್ಲಿಸಿಕೊಂಡು ಕ್ಯಾಂಪ್ ಮಾಡಲು ಬಿಡುವುದಿಲ್ಲ, ಬಿಡಲೂಬಾರದು. ಅಲ್ಲಿನ ಯೆಲ್ಲೋಸ್ಟೋನ್ ಒಂದೇ ಸುಮಾರು 9000 ಚದರ ಕಿಲೋಮೀಟರ್, ನಮ್ಮ ಬಂಡೀಪುರ ಅದರ ಮುಂದೆ ಬಹಳ ಚಿಕ್ಕದು, ಸುತ್ತ ಊರುಗಳು. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಓಡಾಟವೇ ಬಂದ್ ಇದೆ. ಕಾಡಿನ ಹತ್ತಿರ ಮಲಗಬೇಕು ಅಂದರೆ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ, ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ, ಇಲ್ಲೆಲ್ಲ ಜಂಗಲ್ ಲಾಡ್ಜಸ್‌ನವರ ಕ್ಯಾಂಪ್ ಇದೆ.

ಕುವೆಂಪುನಗರ ಮೇಷ್ಟ್ರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗ ಎಲ್ಲ ಓದಿದ. ಬಾಗಿಲಿನ ಸ್ಟಿಕರ್ ಫೋಟೋ ಕಳಿಸಿದ್ದ, ಇಬ್ಬರೂ ಫೋನಿನಲ್ಲಿ ಕೂತು ಲೆಕ್ಕ ಹಾಕಿದೆವು. 28 ಅಡಿಯದ್ದು ಕೈಬಿಟ್ಟ. ಈಗ ಫೈಬರ್‌ಗ್ಲಾಸ್‌ನ 17 ಅಡಿಯದ್ದೊಂದು, ಕಾಸಿಟಾ, ಹಳೆಯದು ಸಿಗುತ್ತಿದೆಯಂತೆ. ನಾವಿಬ್ಬರೂ ಮೊಮ್ಮಗಳೂ ಒಳಗೆ, ಅವರಿಬ್ಬರು ಪಕ್ಕದಲ್ಲಿ ಟೆಂಟ್ ಹಾಕಿಕೊಳ್ಳುತ್ತಾರಂತೆ. ಮಂಚದ ಸುತ್ತ ಜಾಗ ಇದೆಯಾ ಅಂತ ನೋಡಿ ಬಾ ಅಂದಿದ್ದೇನೆ. ಹಳೆಯದು ನೋಡಲು ಹೋದಾಗ ಬೇರೆ ಏನು ಪರೀಕ್ಷೆ ಮಾಡಬೇಕು?

ವಿಜಯನಗರ ಸೆಕೆಂಡ್ ಸ್ಟೇಜ್:

ಒಳ್ಳೆಯ ನಿರ್ಧಾರ ಸರ್. ಟೆಂಟ್ ಇದ್ದರೆ ಫಿಶಿಂಗ್ ಬ್ರಿಡ್ಜ್ ಆಗಲ್ಲ, ಯೆಲ್ಲೋಸ್ಟೋನ್‌ನಲ್ಲಿ ಮ್ಯಾಡಿಸನ್ ಕ್ಯಾಂಪ್‌ಗ್ರೌಂಡ್ ನೋಡಿ. ಅಲ್ಲಿ ಟೆಂಟ್, ಟ್ರೈಲರ್ ಎರಡೂ ಬಿಡುತ್ತಾರೆ, ಕರೆಂಟ್ ಇಲ್ಲ, ಹಾಗಾಗಿ ಬ್ಯಾಟರಿ ಮುಖ್ಯ. ಮೇದರ್, ವಾಚ್‌ಮನ್ ಎರಡೂ ರಿಕ್ರಿಯೇಷನ್ ಡಾಟ್ ಗವ್ ಸೈಟಿನಲ್ಲಿ ಆರು ತಿಂಗಳ ಮುಂಚೆ ತೆರೆಯುತ್ತೆ, ತೆರೆದ ದಿನವೇ ಕೂತು ಹಿಡಿಯಬೇಕು. 2026ರಿಂದ ವರ್ಷದ ಪಾಸ್ ಅಲ್ಲಿಯ ನಿವಾಸಿಗಳಿಗೆ 80 ಡಾಲರ್, ಬೇರೆ ದೇಶದವರಿಗೆ 250 ಆಗಿದೆ. ನೀವಿಬ್ಬರೂ ಇರುವುದರಿಂದ ಯಾರ ಪಾಸ್ ಯಾರಿಗೆ ನಡೆಯುತ್ತೆ ಅಂತ ಮಗ ಪಾರ್ಕ್ ಸರ್ವೀಸ್ ಸೈಟಿನಲ್ಲಿ ಓದಿಕೊಳ್ಳಲಿ.

ಹಳೆಯ ಟ್ರೈಲರಿಗೆ ದೊಡ್ಡ ಶತ್ರು ನೀರು. ಫೈಬರ್‌ಗ್ಲಾಸ್ ಚಿಪ್ಪಿನಲ್ಲಿ ಜಾಯಿಂಟ್ ಕಡಿಮೆ, ಸೋರುವ ಜಾಗವೂ ಕಡಿಮೆ, ಆದರೂ ಕಿಟಕಿಯ ಕೆಳಗೆ, ಚಾವಣಿಯ ಫ್ಯಾನ್ ಸುತ್ತ ಕೈಯಾಡಿಸಿ ನೋಡಲಿ. ಮೂಲೆಗಳಲ್ಲಿ ನೆಲವನ್ನು ಹಿಮ್ಮಡಿಯಿಂದ ಒತ್ತಿದಾಗ ಮೆತ್ತಗೆ ತಗ್ಗಿದರೆ ಒಳಗಿನ ಹಲಗೆ ಕೊಳೆತಿದೆ ಅಂತ ಅರ್ಥ. ಮುಗ್ಗಲು ವಾಸನೆ ಬಂದರೂ ಬಿಟ್ಟು ಬರಲಿ.

ಮಂಡ್ಯ ಟ್ರ್ಯಾಕ್ಟರ್:

ಟೈರ್ ನೋಡಿಸಿ. ಟ್ರೈಲರ್ ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ, ನೆಲಕ್ಕೆ ತಾಗುವ ಗುಂಡಿ ಸವೆಯದೆ ಚೆನ್ನಾಗಿ ಕಂಡರೂ ರಬ್ಬರ್ ಒಳಗೆ ಸತ್ತಿರುತ್ತೆ. ಟೈರಿನ ಪಕ್ಕದಲ್ಲಿ DOT ಅನ್ನೋ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲು ಇರುತ್ತೆ, ಅದರ ಕೊನೆಯ ನಾಲ್ಕು ಅಂಕಿ ಓದಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಅಷ್ಟು ಹಳೆಯದಿದ್ದರೆ ಹೊಸ ಟೈರಿನ ದುಡ್ಡನ್ನು ರೇಟಿನಲ್ಲಿ ಕಳೆದು ಮಾತಾಡಲಿ, ಸ್ಟೆಪ್ನಿ ಸೇರಿಸಿ. ವೀಲ್ ಬೇರಿಂಗ್‌ಗೆ ಗ್ರೀಸ್ ಹಾಕಿ ಎಷ್ಟು ದಿನ ಆಯಿತು ಅಂತಲೂ ಕೇಳಲಿ. ಉತ್ತರ ಸರಿಯಾಗಿ ಬರದಿದ್ದರೆ ಡೆನ್ವರ್ ಬಿಡುವ ಮುಂಚೆ ಬಿಚ್ಚಿಸಿ ಹೊಸ ಗ್ರೀಸ್ ತುಂಬಿಸಿಕೊಳ್ಳಲಿ.