ಲಾಭವಿಲ್ಲದ ಕಾಯಿಲೆಗೆ ಮಾತ್ರೆ ತಯಾರಿಸಿದವರು ಯಾರು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಫಾರ್ಮಸಿ ವಿದ್ಯಾರ್ಥಿ. ಆಫ್ರಿಕಾದ ನಿದ್ರಾರೋಗಕ್ಕೆ ಕೊಡುವ ಫೆಕ್ಸಿನಿಡಜೋಲ್ ಮಾತ್ರೆಯು ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ಫಲವೆಂದು ಓದಿದೆ. ಅದರಲ್ಲಿ ಯಾರ ಪಾಲು ಎಷ್ಟು? ಕಂಪನಿಯೇ ಎಲ್ಲವನ್ನೂ ಏಕೆ ಮಾಡಲಿಲ್ಲ?

ಉತ್ತರ: ಟ್ಸೆಟ್ಸೆ ನೊಣದಿಂದ ಹರಡುವ ಈ ರೋಗಕ್ಕೆ ತುತ್ತಾಗುವವರಲ್ಲಿ ಹೆಚ್ಚಿನವರು ಕಾಂಗೋದಂಥ ದೇಶಗಳ ಹಳ್ಳಿಯ ಬಡವರು. ಅವರನ್ನು ನಂಬಿ ಯಾವ ಕಂಪನಿಯೂ ಬಂಡವಾಳ ಹೂಡಲಿಲ್ಲ. ಜರ್ಮನಿಯ ಹೋಕ್ಸ್ಟ್ ಕಂಪನಿ ಈ ಸಂಯುಕ್ತವನ್ನು ದಶಕಗಳ ಹಿಂದೆಯೇ ರೂಪಿಸಿ ಕೈಬಿಟ್ಟಿತ್ತು. 2003ರಲ್ಲಿ ಸ್ಥಾಪನೆಯಾದ, ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೂಡ ಸ್ಥಾಪಕ ಪಾಲುದಾರನಾಗಿರುವ ಡಿಎನ್‌ಡಿಐ ಎಂಬ ಲಾಭರಹಿತ ಸಂಸ್ಥೆಯು ಹಳೆಯ ಸಂಯುಕ್ತಗಳನ್ನು ಜಾಲಾಡುವಾಗ 2005ರಲ್ಲಿ ಅದನ್ನು ಮತ್ತೆ ಹೊರತೆಗೆಯಿತು. 2009ರಲ್ಲಿ ಫ್ರಾನ್ಸ್‌ನ ಔಷಧ ಕಂಪನಿ ಸನೋಫಿಯೊಂದಿಗೆ ಒಪ್ಪಂದವಾಯಿತು: ರೋಗಿಗಳ ಮೇಲಿನ ಪ್ರಯೋಗಗಳ ಹೊಣೆ ಡಿಎನ್‌ಡಿಐಗೆ, ತಯಾರಿಕೆ ಮತ್ತು ನೋಂದಣಿಯ ಹೊಣೆ ಕಂಪನಿಗೆ.

ನನ್ನ ದೃಷ್ಟಿಯಲ್ಲಿ ಅತ್ಯಂತ ಕಷ್ಟದ ಪಾಲು ಪ್ರಯೋಗಗಳದ್ದು. ಹಿಂದೆ ಬಳಸುತ್ತಿದ್ದ ಮೆಲಾರ್ಸೊಪ್ರಾಲ್ ಆರ್ಸೆನಿಕ್‌ಯುಕ್ತ ಔಷಧವಾಗಿದ್ದು, ಸುಮಾರು ಇಪ್ಪತ್ತು ರೋಗಿಗಳಲ್ಲಿ ಒಬ್ಬರು ಅದರಿಂದಲೇ ಸಾಯುತ್ತಿದ್ದರು. ಅನಂತರ ಬಂದ ಚಿಕಿತ್ಸೆ ಸುರಕ್ಷಿತವಾಗಿತ್ತಾದರೂ, ಏಳು ದಿನ ದಿನಕ್ಕೆರಡು ಸಲ ಡ್ರಿಪ್ ಹಾಕಬೇಕಿತ್ತು. ರಸ್ತೆಯೇ ಇಲ್ಲದ ಊರಿಗೆ ಆ ಬಾಟಲಿಗಳನ್ನು ಸಾಗಿಸುವುದೇ ದೊಡ್ಡ ಕೆಲಸವಾಗಿತ್ತು. ಫೆಕ್ಸಿನಿಡಜೋಲ್ ಆದರೋ ದಿನಕ್ಕೊಮ್ಮೆಯಂತೆ ಹತ್ತು ದಿನ ನುಂಗುವ ಮಾತ್ರೆ. ಆದರೆ ಹೊಟ್ಟೆ ತುಂಬ ಊಟ ಮಾಡಿಯೇ ನುಂಗಬೇಕು, ಇಲ್ಲವಾದರೆ ಔಷಧ ರಕ್ತಕ್ಕೆ ಸಾಕಷ್ಟು ಸೇರುವುದಿಲ್ಲ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶೇ. 91ರಷ್ಟು ರೋಗಿಗಳಲ್ಲಿ ಚಿಕಿತ್ಸೆ ಫಲ ನೀಡಿತು. ಡ್ರಿಪ್ ಚಿಕಿತ್ಸೆಯಲ್ಲಿ ಈ ಪ್ರಮಾಣ ಶೇ. 98. ಹಾಗಾಗಿ ರೋಗವು ಮಿದುಳಿಗೆ ತೀವ್ರವಾಗಿ ಹರಡಿದವರಿಗೆ ಇಂದಿಗೂ ಡ್ರಿಪ್ ಚಿಕಿತ್ಸೆಯನ್ನೇ ಆರಿಸುತ್ತಾರೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಂಗೋ ಈ ಮಾತ್ರೆಗೆ ಅನುಮತಿ ನೀಡಿತು.

ಮರುಪ್ರಶ್ನೆ: ಧನ್ಯವಾದಗಳು ಮೇಡಂ. ಹಾಗಾದರೆ ರೋಗಿಗೆ ಇದರ ಬೆಲೆ ಎಷ್ಟು?

ಉತ್ತರ: ಸನೋಫಿಯು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಉಚಿತವಾಗಿ ಒದಗಿಸುತ್ತದೆ. ಪೂರೈಕೆಯ ಪ್ರಶ್ನೆಯನ್ನು ಮೊದಲೇ ಇತ್ಯರ್ಥಪಡಿಸದಿದ್ದರೆ ಏನಾಗುತ್ತದೆಂಬುದಕ್ಕೆ ಬಿಹಾರದ ಕಾಲಾ ಅಜಾರ್ (ಮರಳು ನೊಣದಿಂದ ಹರಡುವ ಜ್ವರದ ಕಾಯಿಲೆ) ಉದಾಹರಣೆ ನಮ್ಮೆದುರಿಗಿದೆ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ನೆಲೆಗೊಂಡ ಟಿಡಿಆರ್ ಎಂಬ ಉಷ್ಣವಲಯದ ರೋಗಗಳ ಸಂಶೋಧನಾ ಕಾರ್ಯಕ್ರಮ, ಐಸಿಎಂಆರ್ ಮತ್ತು ಜರ್ಮನ್ ಕಂಪನಿಯೊಂದು ಕೂಡಿ ಆ ಕಾಯಿಲೆಗೆ ಬೆಳೆಸಿದ ಮಿಲ್ಟೆಫೋಸಿನ್ ಎಂಬ ಔಷಧ, 2002ರಲ್ಲಿ ಭಾರತದಲ್ಲಿ ನೋಂದಣಿಯಾಗಿ ಖಾಸಗಿ ಔಷಧದಂಗಡಿಗಳಿಗೆ ದುಬಾರಿ ಬೆಲೆಯಲ್ಲಿ ಬಂತು. 28 ದಿನಗಳ ಮಾತ್ರೆಯನ್ನು ಒಟ್ಟಿಗೆ ಕೊಳ್ಳಲಾಗದ ರೋಗಿಗಳು ಸ್ವಲ್ಪ ಸ್ವಲ್ಪವೇ ಕೊಂಡು, ಜ್ವರ ಇಳಿದ ಕೂಡಲೇ ನಿಲ್ಲಿಸುವ ಅಪಾಯ ಎದುರಾಯಿತು. ಆದ್ದರಿಂದ ಸಾರ್ವಜನಿಕ ಹಣ ತೊಡಗಿಸುವವರು ಬೆಲೆ ಮತ್ತು ಪೂರೈಕೆಯ ಷರತ್ತುಗಳನ್ನು ಪ್ರಯೋಗ ಆರಂಭವಾಗುವ ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಔಷಧ ಯಶಸ್ವಿಯಾದ ಮೇಲೆ ಕಂಪನಿಯನ್ನು ಒಪ್ಪಿಸುವುದು ಬಹಳ ಕಷ್ಟ.