ಬೋಟಿನ ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿದೆ: ಸ್ಟಿಚ್ಚಿಂಗ್ ಮಾಡಿಸಲಾ, ಬ್ಲಾಕೇ ಬದಲಿಸಲಾ?

ಗಂಗೊಳ್ಳಿ ಬೋಟ್ (ಜೂನ್ 9)

ಎಲ್ಲರಿಗೂ ನಮಸ್ಕಾರ. ನಮ್ಮದು ಟ್ರಾಲ್ ಬೋಟ್. ಆರು ಸಿಲಿಂಡರಿನ ಲಾರಿ ಎಂಜಿನ್ನಿಗೆ ಮರೈನ್ ಗೇರ್‌ಬಾಕ್ಸ್, ಹೀಟ್ ಎಕ್ಸ್‌ಚೇಂಜರ್ (ಎಂಜಿನ್ ಒಳಗೆ ಸುತ್ತುವ ನೀರನ್ನು ಹೊರಗಿನ ಉಪ್ಪುನೀರಿನಿಂದ ತಣ್ಣಗೆ ಮಾಡುವ ಭಾಗ) ಹಾಕಿ ಕೂರಿಸಿದ್ದು. ಐದು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಬೋಟ್.

ಮೇ ಕೊನೆಯ ವಾರ ಮೀನು ಹಿಡಿದು ವಾಪಸ್ ಬರುವಾಗ ಉಪ್ಪುನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಹರಿದುಹೋಯಿತು. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದದ್ದನ್ನು ಯಾರೂ ನೋಡಲಿಲ್ಲ. ವಾಸನೆ ಬಂದ ಮೇಲೆ ಎಂಜಿನ್ ನಿಲ್ಲಿಸಿದರು. ಗಾಬರಿಯಲ್ಲಿ ಹುಡುಗರು ನೀರಿನ ಟ್ಯಾಂಕಿಗೆ ಒಂದು ಕೊಡ ತಣ್ಣೀರು ಸುರಿದರು. ಕೊನೆಗೆ ಇನ್ನೊಂದು ಬೋಟಿನವರು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದರು.

ಈಗ ಎಂಜಿನ್ ಬಿಚ್ಚಿಸಿದ್ದೇನೆ. ಬ್ಲಾಕಿನ (ಸಿಲಿಂಡರುಗಳು ಕೂರುವ ಎರಕದ ದೊಡ್ಡ ಭಾಗ) ಎಡಗಡೆ ಹೊರಗೋಡೆಯಲ್ಲಿ, ನಾಲ್ಕನೇ ಸಿಲಿಂಡರಿನ ಕೆಳಗೆ, 11 ಸೆಂಟಿಮೀಟರ್ ಬಿರುಕು ಕಾಣುತ್ತಿದೆ. ತುಕ್ಕಿನ ನೀರು ಇಳಿದ ಗೆರೆಯೂ ಇದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿ ತರಹ ಆಗಿದೆ.

ಸ್ಟಿಚ್ಚಿಂಗಿಗೆ (ಬೆಸುಗೆ ಇಲ್ಲದೆ ಬಿರುಕಿಗೆ ಪಿನ್ ಹಾಕಿ ಮುಚ್ಚುವುದಕ್ಕೆ) 38,000 ರೂಪಾಯಿ ಹೇಳಿದ್ದಾರೆ. ಹಳೆ ಬ್ಲಾಕ್ ಒಂದು 90,000ಕ್ಕೆ ಸಿಗುತ್ತದಂತೆ. ಲೈನರ್ (ಸಿಲಿಂಡರಿನೊಳಗೆ ಕೂರುವ ಕೊಳವೆ), ಬೇರಿಂಗ್ ಖರ್ಚು ಹೇಗೂ ಎರಡಕ್ಕೂ ಇದೆ. ಮಳೆಗಾಲದ ಮೀನುಗಾರಿಕೆ ರಜೆ ಜುಲೈ 31ಕ್ಕೆ ಮುಗಿಯುತ್ತದೆ. ನನ್ನ ಮನಸ್ಸು ಸ್ಟಿಚ್ಚಿಂಗ್ ಕಡೆಗೇ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಕಡಲ ಮಗ (ಜೂನ್ 9)

ಬೀಡಿನ (ಎರಕದ ಕಬ್ಬಿಣದ) ರಾಡ್ ಹಾಕಿ ವೆಲ್ಡಿಂಗ್ ಮಾಡಿಸಿ ಮಾರಾಯ್ರೆ. ಅರ್ಧ ದಿನದ ಕೆಲಸ. ನಮ್ಮ ವಿಂಚಿನ ಬಾಡಿ ಹಾಗೇ ಮಾಡಿಸಿದ್ದೆ, ಇವತ್ತಿಗೂ ಗಟ್ಟಿ ಇದೆ.

ಲೇತ್ ಕೆಲಸ (ಜೂನ್ 10)

ವಿಂಚಿನ ಬಾಡಿಯೊಳಗೆ ಬಿಸಿನೀರು ಓಡುವುದಿಲ್ಲ ಅಣ್ಣ. ಎಂಜಿನ್ ಬ್ಲಾಕ್ ದಿನಾ ಬಿಸಿಯಾಗಿ ಹಿಗ್ಗುತ್ತದೆ, ತಣ್ಣಗಾಗಿ ಕುಗ್ಗುತ್ತದೆ. ಅದರ ಲೆಕ್ಕವೇ ಬೇರೆ.

ಬೀಡಿನಲ್ಲಿ ಕಾರ್ಬನ್ ಜಾಸ್ತಿ, ಸುಮಾರು ಶೇಕಡಾ 2.5ರಿಂದ 4. ವೆಲ್ಡಿಂಗ್ ಬೆಂಕಿ ಬಿದ್ದ ಜಾಗ ಬೇಗ ತಣ್ಣಗಾದರೆ ಅದರ ಅಂಚು ಗಾಜಿನ ಹಾಗೆ ಗಡುಸಾಗುತ್ತದೆ. ಹಾಕಿದ ವೆಲ್ಡ್ ಗಟ್ಟಿಯಾಗೇ ಇರುತ್ತದೆ, ಅದರ ಪಕ್ಕದಲ್ಲಿ ಹೊಸ ಬಿರುಕು ಏಳುತ್ತದೆ. ಸರಿಯಾಗಿ ಮಾಡಬೇಕೆಂದರೆ ಇಡೀ ಬ್ಲಾಕನ್ನು ನಿಧಾನಕ್ಕೆ ಕಾಯಿಸಬೇಕು. ನಿಕ್ಕಲ್ ರಾಡ್‌ನಲ್ಲಿ ಒಂದೊಂದೇ ಇಂಚು ಹಾಕಬೇಕು. ಬಿಸಿ ಇರುವಾಗಲೇ ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತಾ ಹೋಗಬೇಕು. ಆಮೇಲೆ ಒಣ ಮರಳಿನಲ್ಲೋ ಸುಣ್ಣದ ಪುಡಿಯಲ್ಲೋ ಹೂತು ಒಂದು ದಿನ ಆರಲು ಬಿಡಬೇಕು. ಇಷ್ಟಾದ ಮೇಲೂ ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟ್) ಕೂರುವ ಲೈನ್ ಸೊಟ್ಟಗಾಗಿಲ್ಲವೇ ಅಂತ ಅಳೆಯಬೇಕು. ಅರ್ಧ ದಿನದಲ್ಲಿ ಇದು ಆಗುವ ಮಾತಲ್ಲ.

ಗಂಗೊಳ್ಳಿಯವರೇ, ಬಿರುಕಿನ ಉದ್ದ ನೋಡಿ ತೀರ್ಮಾನ ಮಾಡಬೇಡಿ. ಎಲ್ಲಿ ಬಿಟ್ಟಿದೆ, ಬರೀ ಒಂದೇನಾ, ಸುತ್ತಲಿನ ಲೋಹ ಹೇಗಿದೆ, ಈ ಮೂರನ್ನು ನೋಡಿ. ಹೊರಗೋಡೆಯ ಬಿರುಕಿಗೆ ಸ್ಟಿಚ್ಚಿಂಗ್ ಒಳ್ಳೆಯ ಉಪಾಯ. ಬೆಂಕಿಯೇ ಬೇಡ. ಬಿರುಕಿನ ಉದ್ದಕ್ಕೂ ತೂತು ಕೊರೆದು, ಮರೆ (ಥ್ರೆಡ್) ಕೊಯ್ದು, ಪಿನ್ ತಿರುಗಿಸುತ್ತಾರೆ. ಒಂದು ಪಿನ್ ಪಕ್ಕದ ಪಿನ್ನನ್ನು ಸ್ವಲ್ಪ ಕಚ್ಚಿಕೊಂಡೇ ಕೂರಬೇಕು. ಬಿರುಕಿಗೆ ಅಡ್ಡಕ್ಕೆ ಬಿಗಿಯುವ ಲಾಕ್ ಬೇರೆ ಹಾಕುತ್ತಾರೆ. ಹೊರಗೋಡೆ ತಡೆಯಬೇಕಾದ್ದು ಬರೀ ನೀರನ್ನು, ಅದರ ಒತ್ತಡ ಒಂದು ಬಾರಿನ (ಬಾರ್ ಅಂದರೆ ಒತ್ತಡದ ಅಳತೆ) ಆಸುಪಾಸು.

ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಕೂರುವ ಮೇಲ್ಭಾಗದಲ್ಲಿ ಬೋಲ್ಟಿನಿಂದ ಬೋಲ್ಟಿಗೆ ಬಿರುಕು ಹೋಗಿದ್ದರೆ, ಲೈನರ್ ಕೂರುವ ಮೆಟ್ಟಿಲಿಗೆ ಬಂದಿದ್ದರೆ, ಮೇನ್ ಬೇರಿಂಗಿನ (ಕ್ರ್ಯಾಂಕ್ ಕೂರುವ ಜಾಗದ) ಗೋಡೆಗೆ ಇಳಿದಿದ್ದರೆ ಮೀನುಗಾರಿಕೆ ಬೋಟಿಗೆ ಆ ಬ್ಲಾಕ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಲಾರಿ ಕೆಟ್ಟರೆ ರಸ್ತೆ ಬದಿಗೆ ನಿಲ್ಲಿಸಬಹುದು. ನಿಮ್ಮ ಜತೆ ಆ ರಾತ್ರಿ ಏಳೆಂಟು ಜನ ನೀರಿನ ಮೇಲೆ ಇರುತ್ತಾರೆ.

ಇನ್ನೊಂದು ಮಾತು. ಹೊರಗೋಡೆಯ ಬಿರುಕಿನ ನೀರು ಹೊರಗೆ ಸೋರಬೇಕು. ನಿಮ್ಮ ಆಯಿಲಿಗೆ ನೀರು ಹೇಗೆ ಸೇರಿತು? ಅದು ಗೊತ್ತಾಗದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಗಂಗೊಳ್ಳಿ ಬೋಟ್ (ಜೂನ್ 10)

ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಸುಟ್ಟಿದೆ, ಅದರಿಂದಲೇ ಬಂತು ಅಂತ ಮೆಕ್ಯಾನಿಕ್ ಹೇಳಿದರು. ನಾನೂ ನಂಬಿದ್ದೆ. ನಾವೇ ಪರೀಕ್ಷೆ ಮಾಡಬಹುದಾ?

ಲೇತ್ ಕೆಲಸ (ಜೂನ್ 10)

ಗ್ಯಾಸ್ಕೆಟ್ ಇರಬಹುದು. ಲೈನರಿನ ಕೆಳಗಿನ ರಬ್ಬರ್ ರಿಂಗ್ ಬಿಸಿಗೆ ಸುಟ್ಟಿರಬಹುದು. ಒಳಗೆ ಇನ್ನೊಂದು ಬಿರುಕೂ ಇರಬಹುದು. ಮೊದಲು ಲೈನರ್ ಇರುವಾಗಲೇ ಪ್ರೆಷರ್ ನೋಡಿ. ನೀರಿನ ದಾರಿಗಳಿಗೆಲ್ಲ ರಬ್ಬರ್ ಶೀಟ್, ಪ್ಲೇಟ್ ಇಟ್ಟು ಬಿಗಿಯಿರಿ. ಒಳಗೆ ಬಿಸಿನೀರು ತುಂಬಿಸಿ ಕೈಪಂಪಿನಿಂದ ಎರಡು ಬಾರ್‌ವರೆಗೆ ಒತ್ತಿ, ಅರ್ಧ ಗಂಟೆ ಬಿಡಿ. ಬಿಸಿನೀರೇ ಯಾಕೆಂದರೆ ತಣ್ಣಗಿರುವಾಗ ಬಾಯಿ ಮುಚ್ಚಿಕೊಂಡಿರುವ ಬಿರುಕು ಬಿಸಿಗೆ ತೆರೆದುಕೊಳ್ಳುತ್ತದೆ. ಕಂಪ್ರೆಸರ್ ಗಾಳಿ ಮಾತ್ರ ಹಾಕಬೇಡಿ. ಪ್ಲೇಟ್ ಹಾರಿದರೆ ಮುಖಕ್ಕೇ ಬರುತ್ತದೆ.

ಆಮೇಲೆ ಲೈನರ್ ತೆಗೆದು ಡೈ ಹಾಕಿ. ಮೂರು ಸ್ಪ್ರೇ ಡಬ್ಬಿ ಬರುತ್ತದೆ: ತೊಳೆಯುವುದು, ಕೆಂಪು, ಬಿಳಿ. ಎಣ್ಣೆ ಜಿಡ್ಡು ಪೂರ್ತಿ ತೆಗೆದು ಕೆಂಪು ಹೊಡೆಯಿರಿ. ಹದಿನೈದು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ, ಬಿಳಿ ಹೊಡೆಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ.

ಕುಂದಾಪುರ ಡೀಸೆಲ್ (ಜೂನ್ 11)

ಸ್ಟಿಚ್ಚಿಂಗ್ ಬಗ್ಗೆ ಹೆದರಬೇಡಿ. ನಮ್ಮ ಬೋಟಿನ ಬ್ಲಾಕ್ ಸ್ಟಿಚ್ ಮಾಡಿಸಿ ನಾಲ್ಕು ಸೀಸನ್ ಆಯಿತು, ಒಂದು ಹನಿ ನೀರು ಬಂದಿಲ್ಲ. ಆದರೆ ನಮ್ಮದು ಹೊಸ ಎಂಜಿನ್, ಗೋಡೆ ದಪ್ಪ ಇತ್ತು. ನಿಮ್ಮದು ಹಳೇದು, ಅಲ್ವಾ? ಮೊದಲಿನ ಯಜಮಾನರು ಬ್ಲಾಕಿಗೆ ನೇರ ಉಪ್ಪುನೀರು ಬಿಟ್ಟಿದ್ದರಾ ಕೇಳಿ. ಲೈನರ್ ತೆಗೆದ ಮೇಲೆ ಒಳಗಡೆ ಬಿರುಕಿನ ಪಕ್ಕದಲ್ಲಿ ಚಾಕುವಿನಿಂದ ಕೆರೆದು ನೋಡಿ. ಒಳ್ಳೆ ಬೀಡಾದರೆ ಚಾಕು ಜಾರುತ್ತದೆ.

ಗಂಗೊಳ್ಳಿ ಬೋಟ್ (ಜೂನ್ 15)

ಎಲ್ಲ ಮಾಡಿದೆವು. ಬರೆಯುವಾಗ ಬೇಜಾರಾಗುತ್ತಿದೆ, ಆದರೂ ಬರೆಯುತ್ತೇನೆ, ಇನ್ಯಾರಿಗಾದರೂ ಉಪಯೋಗ ಆಗಲಿ.

ನೀರು ಒತ್ತಿದಾಗ ಹೊರಗಿನ ಬಿರುಕಿನಲ್ಲಿ ಸೋರಿತು, ಅದು ಗೊತ್ತಿದ್ದದ್ದೇ. ಹತ್ತು ನಿಮಿಷದ ಮೇಲೆ ನಾಲ್ಕನೇ ಲೈನರಿನ ಬುಡದಿಂದಲೂ ಹನಿ ಬೀಳತೊಡಗಿತು. ಡೈ ಹೊಡೆದಾಗ ಮೇಲ್ಭಾಗದಲ್ಲಿ ನಾಲ್ಕು ಮತ್ತು ಐದರ ನಡುವೆ, ಬೋಲ್ಟಿನ ತೂತಿನಿಂದ ಲೈನರ್ ಮೆಟ್ಟಿಲಿನ ತನಕ ಕೂದಲಿನಷ್ಟು ತೆಳ್ಳಗೆ ಕೆಂಪು ಗೆರೆ ಬಂತು. ಬರಿಗಣ್ಣಿಗೆ ಅಲ್ಲಿ ಏನೂ ಇರಲಿಲ್ಲ.

ಚಾಕು ಹಾಕಿದೆ. ಒಳಗಿನ ಗೋಡೆಯಲ್ಲಿ ಚಾಕು ಜಾರಲಿಲ್ಲ, ಒಳಗೆ ಇಳಿಯಿತು. ಕಪ್ಪು ಪುಡಿ ಉದುರಿತು. ಬೆರಳಲ್ಲಿ ಉಜ್ಜಿದರೆ ಪೆನ್ಸಿಲ್ ಸೀಸದ ಹಾಗೆ ಮೆತ್ತಿಕೊಂಡಿತು. ಹೊರಗಿನಿಂದ ಬಣ್ಣ ಹೊಡೆದು ಚೆಂದ ಕಾಣುತ್ತಿದ್ದ ಗೋಡೆ ಇದು. ಮೊದಲಿನ ಯಜಮಾನರ ತಾಂಡೇಲರನ್ನು (ಬೋಟ್ ನಡೆಸುವವರನ್ನು) ಕೇಳಿದೆ. ಎಕ್ಸ್‌ಚೇಂಜರ್ ಕಟ್ಟಿಕೊಂಡಾಗ ಅದನ್ನು ಬೈಪಾಸ್ ಮಾಡಿ ಎರಡು ಸೀಸನ್ ಉಪ್ಪುನೀರಿನಲ್ಲೇ ಓಡಿಸಿದ್ದರಂತೆ.

ಲೇತ್ ಕೆಲಸ (ಜೂನ್ 15)

ಹಾಗಾದರೆ ಬ್ಲಾಕ್ ಬದಲಿಸಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬೀಡಿನೊಳಗೆ ಗ್ರಾಫೈಟ್ ಪದರ ಪದರವಾಗಿ ಇರುತ್ತದೆ. ಉಪ್ಪುನೀರು ಕಬ್ಬಿಣವನ್ನು ಮೆಲ್ಲಗೆ ತಿಂದು ಗ್ರಾಫೈಟನ್ನು ಹಾಗೇ ಬಿಡುತ್ತದೆ. ಆಕಾರ ಇರುತ್ತದೆ, ಬಲ ಇರುವುದಿಲ್ಲ. ಅಂಥ ಕಡೆ ಪಿನ್ ತಿರುಗಿಸಿದರೆ ಮರೆ ಹಿಡಿಯುವುದಿಲ್ಲ. ತಣ್ಣೀರು ಸುರಿದದ್ದು ತಪ್ಪೇ, ಆದರೆ ಹುಡುಗರಿಗೆ ಜಾಸ್ತಿ ಬೈಯಬೇಡಿ. ಗೋಡೆ ಮೊದಲೇ ಸೋತಿತ್ತು.

ಹಳೆ ಬ್ಲಾಕ್ ತೆಗೆದುಕೊಳ್ಳುವಾಗ ಇದೇ ಪರೀಕ್ಷೆಗಳನ್ನು ಅಲ್ಲೇ ಮಾಡಿಸಿ, ಆಮೇಲೆ ದುಡ್ಡು ಕೊಡಿ. ಲಾರಿಯಿಂದ ಬಿಚ್ಚಿದ ಬ್ಲಾಕ್ ಆದರೆ ಒಳ್ಳೆಯದು, ಉಪ್ಪು ಕಂಡಿರುವುದಿಲ್ಲ. ಮೇನ್ ಬೇರಿಂಗ್ ಕ್ಯಾಪ್‌ಗಳು ಅದೇ ಬ್ಲಾಕಿನವೇ ಇರಬೇಕು. ಕ್ಯಾಪ್ ಕೂರಿಸಿಯೇ ಬೋರ್ (ತೂತು) ಕೊರೆದಿರುತ್ತಾರೆ, ನಿಮ್ಮ ಹಳೇ ಕ್ಯಾಪ್ ಅದಕ್ಕೆ ಹೊಂದುವುದಿಲ್ಲ. ಕ್ಯಾಪ್ ಇಲ್ಲದ ಬ್ಲಾಕನ್ನು ಕಡಿಮೆಗೆ ಕೊಟ್ಟರೂ ಬಿಡಿ. ಮೇಲ್ಭಾಗಕ್ಕೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಸಮ ಇದೆಯೇ ನೋಡಿ.

ಕುಂದಾಪುರ ಡೀಸೆಲ್ (ಜೂನ್ 16)

ಎಂಜಿನ್ ನಂಬರ್ ಹೊಡೆದಿರುವುದು ಬ್ಲಾಕಿನ ಮೇಲೆ. ಬೋಟಿನ ನೋಂದಣಿಯಲ್ಲೂ ಇನ್ಶೂರೆನ್ಸಿನಲ್ಲೂ ಹಳೇ ನಂಬರ್ ಇರುತ್ತದೆ. ಬ್ಲಾಕಿನ ಬಿಲ್ ಹಿಡಿದುಕೊಂಡು ಮೀನುಗಾರಿಕೆ ಇಲಾಖೆಯ ಕಚೇರಿಗೆ ಈಗಲೇ ಹೋಗಿ. ಜುಲೈ ಕೊನೆಗೆ ಹೋದರೆ ರಶ್.

ಗಂಗೊಳ್ಳಿ ಬೋಟ್ (ಜುಲೈ 29)

ಕೆಲಸ ಮುಗಿಯಿತು. ಮೊದಲು ನೋಡಿದ 90,000ದ ಬ್ಲಾಕ್ ಪ್ರೆಷರಿಗೆ ನಿಲ್ಲಲಿಲ್ಲ, ಬಿಟ್ಟೆ. ಲಾರಿಯಿಂದ ಬಿಚ್ಚಿದ್ದು ಇನ್ನೊಂದು 1,05,000ಕ್ಕೆ ಸಿಕ್ಕಿತು, ಕ್ಯಾಪ್ ಸಮೇತ. ಕ್ರ್ಯಾಂಕ್ ಅಳತೆ ಮಾಡಿಸಿ ನಮ್ಮದನ್ನೇ ಹಾಕಿದೆವು. ಲೈನರ್, ರಿಂಗ್, ಬೇರಿಂಗ್ ಎಲ್ಲ ಹೊಸದು. ಎಕ್ಸ್‌ಚೇಂಜರ್ ಟ್ಯೂಬ್ ಬಿಚ್ಚಿ ತೊಳೆಸಿ, ತುಕ್ಕು ತಡೆಯಲು ಹಾಕುವ ಜಿಂಕ್ ತುಂಡು ಬದಲಿಸಿದ್ದೇನೆ. ಒಳಗೆ ಈಗ ಬರೀ ನೀರಲ್ಲ, ಕೂಲೆಂಟ್. ಬಿಸಿ ಏರಿದರೆ ಕೂಗುವ ಅಲಾರಂ ತಾಂಡೇಲರ ತಲೆಯ ಮೇಲೇ ಕೂರಿಸಿದ್ದೇವೆ. ಇಂಪೆಲ್ಲರ್ ಎರಡು ಸ್ಪೇರ್ ಇದೆ.

ನಿನ್ನೆ ಧಕ್ಕೆಯಲ್ಲಿ (ಬೋಟ್ ನಿಲ್ಲಿಸುವ ಕಟ್ಟೆಯಲ್ಲಿ) ಕಟ್ಟಿಯೇ ಮೂರು ಗಂಟೆ ಓಡಿಸಿದೆವು. ಟೆಂಪರೇಚರ್ ಮುಳ್ಳು 80 ಡಿಗ್ರಿ ದಾಟಲಿಲ್ಲ. ಆಯಿಲ್ ಶುದ್ಧ ಇದೆ.

ಕಡಲ ಮಗ (ಜುಲೈ 29)

ಖುಷಿಯಾಯಿತು. ಹಳೇ ಬ್ಲಾಕ್ ಏನು ಮಾಡಿದಿರಿ?

ಗಂಗೊಳ್ಳಿ ಬೋಟ್ (ಜುಲೈ 29)

ಗುಜರಿಗೆ ಹಾಕಿದೆ. ಹಾಕುವ ಮುಂಚೆ ಒಡೆಸಿದೆ, ಬಣ್ಣ ಹೊಡೆದು ಯಾರೂ ಮತ್ತೆ ಮಾರಬಾರದು ಅಂತ. ನಂಬರ್ ಇದ್ದ ಜಾಗದ ಫೋಟೋ ಮಾತ್ರ ಇಲಾಖೆಯ ಕಾಗದಕ್ಕೆ ಬೇಕಾದೀತು ಅಂತ ತೆಗೆದಿಟ್ಟುಕೊಂಡಿದ್ದೇನೆ.