ಮಂಡಿ ಆಪರೇಷನ್: ‘99% ಸಕ್ಸಸ್’ ಅಂದರೆ ನಂಬಬಹುದಾ?

ತರೀಕೆರೆಯವನು:
ಅಮ್ಮನಿಗೆ 67 ವರ್ಷ, ಶುಗರ್ ಇದೆ. ಮಂಡಿ ಸವೆದಿದೆ, ಬದಲಾಯಿಸಲೇಬೇಕು ಅಂತಾರೆ. ಶಿವಮೊಗ್ಗದಲ್ಲಿ ಒಂದು ಕಡೆ, ಬೆಂಗಳೂರಿನಲ್ಲಿ ಒಂದು ಕಡೆ ವಿಚಾರಿಸಿದೆ. ಒಬ್ಬರು ‘99% ಸಕ್ಸಸ್’ ಅಂದರು. ಇನ್ನೊಬ್ಬರು ‘ನಮ್ಮಲ್ಲಿ ಇನ್‌ಫೆಕ್ಷನ್ ಝೀರೋ’ ಅಂದರು. ಇದನ್ನೆಲ್ಲ ಯಾರು ಅಳೀತಾರೆ? ನಾವು ಏನಂತ ಕೇಳಬೇಕು?

ಓಟಿ ಸಿಸ್ಟರ್:
ತುಂಬಾ ವರ್ಷ ಓಟಿಯಲ್ಲಿದ್ದೆ (ಆಪರೇಷನ್ ಥಿಯೇಟರ್), ಈಗ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್. ‘ಝೀರೋ’ ಅಂದರೆ ನನಗೆ ಮೊದಲು ಬರುವುದೇ ಅನುಮಾನ. ಮಂಡಿಯವರು ಕೆಲವೇ ದಿನಕ್ಕೆ ಮನೆಗೆ ಹೋಗುತ್ತಾರೆ. ಕೀವು ಕಾಣುವುದು ಎಷ್ಟೋ ಸಲ ಆಮೇಲೆ. ಊರಿನ ಡಾಕ್ಟರ್ ಹತ್ತಿರ ಡ್ರೆಸ್ಸಿಂಗ್ ಮಾಡಿಸಿಕೊಂಡು, ಮಾತ್ರೆ ನುಂಗಿ ಸುಮ್ಮನಾಗುತ್ತಾರೆ. ಆಪರೇಷನ್ ಮಾಡಿದ ಆಸ್ಪತ್ರೆಯ ರಿಜಿಸ್ಟರ್‌ಗೆ ಅದು ಬರುವುದೇ ಇಲ್ಲ.

ಕೀಲು ಬದಲಾಯಿಸಿದವರಲ್ಲಿ ಆಳದ ಇನ್‌ಫೆಕ್ಷನ್ ಆಗಿದೆಯಾ ಅಂತ 90 ದಿನ ನೋಡಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಾಡಿದ ಲೆಕ್ಕ ಇದು, ನಾವೂ ಅದನ್ನೇ ಹಿಡಿದಿದ್ದೇವೆ. ಹಾಗಾಗಿ ದಿನಾ ಬೆಳಿಗ್ಗೆ ನನ್ನ ಕೆಲಸ ಫೋನ್ ಮಾಡುವುದು. ‘ಅಜ್ಜಿ, ಹೊಲಿಗೆ ಜಾಗ ಕೆಂಪಾಗಿದೆಯಾ? ಬಟ್ಟೆಗೆ ನೀರು ಅಂಟುತ್ತದಾ? ರಾತ್ರಿ ಚಳಿಜ್ವರ?’ ಸುಮಾರು ಜನ ‘ದೇವರ ದಯೆ, ಎಲ್ಲ ಚೆನ್ನಾಗಿದೆ ಮಗಳೇ’ ಅಂದುಬಿಡುತ್ತಾರೆ. ಆಗ ಸೊಸೆ ಕೈಗೆ ಫೋನ್ ಕೊಡಿ ಅನ್ನುತ್ತೇನೆ. ನಿಜ ಸುದ್ದಿ ಸಿಗುವುದು ಅಲ್ಲಿ.

ಹಾಗಾಗಿ ನೀವು ಕೇಳಬೇಕಾದ್ದು: ಕಳೆದ ವರ್ಷ ಎಷ್ಟು ಮಂಡಿ ಮಾಡಿದಿರಿ, ಅದರಲ್ಲಿ ಎಷ್ಟು ಮಂದಿಯನ್ನು ಮೂರು ತಿಂಗಳ ತನಕ ವಿಚಾರಿಸಿದಿರಿ, ಎಷ್ಟು ಜನರನ್ನು ಮತ್ತೆ ಓಟಿಗೆ ಕರೆದೊಯ್ದಿರಿ? ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ಸಂಸ್ಥೆ) ಮಾನ್ಯತೆ ಇರುವ ಆಸ್ಪತ್ರೆ ಇನ್‌ಫೆಕ್ಷನ್ ಲೆಕ್ಕ ಇಡಲೇಬೇಕು. ‘ಲೆಕ್ಕ ಇಲ್ಲ’ ಅಂದರೆ ಅದೂ ಒಂದು ಉತ್ತರವೇ.

ಇನ್ನೊಂದು. ಶುಗರ್ ಇರುವವರು, ದಪ್ಪ ಇರುವವರನ್ನೆಲ್ಲ ‘ದೊಡ್ಡಾಸ್ಪತ್ರೆಗೆ ಹೋಗಿ’ ಅಂತ ಸಾಗಹಾಕಿದರೆ ಯಾರ ಲೆಕ್ಕವೂ ಚೆನ್ನಾಗೇ ಕಾಣುತ್ತದೆ. ಅಮ್ಮನಂಥವರಲ್ಲಿ ಹೇಗಾಗಿದೆ ಅಂತ ಕೇಳಿ.

ಮಂಜು:
ಸಿಸ್ಟರ್, ಆಪರೇಷನ್‌ನಲ್ಲಿ ಏನೂ ತಪ್ಪದಿರಲಿ ಅಂತ ಟಿಕ್ ಹಾಕುವ ಆ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಚೆಕ್‌ಲಿಸ್ಟ್ ಇದ್ದರೆ ಸಾಕಲ್ವಾ?

ಓಟಿ ಸಿಸ್ಟರ್:
ಬಂದದ್ದು 2008ರಲ್ಲಿ, 19 ಅಂಶ. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪರೀಕ್ಷಿಸಿದಾಗ ಸಾವು 1.5%ರಿಂದ 0.8%ಕ್ಕೆ ಇಳಿಯಿತು. ಆಮೇಲೆ ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳ ಲೆಕ್ಕ ನೋಡಿದರು, 2014ರಲ್ಲಿ ವರದಿ ಬಂತು. ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ನನಗೇನೂ ಆಶ್ಚರ್ಯ ಆಗಲಿಲ್ಲ. ಹಿಂದೆ ನಾನಿದ್ದ ಒಂದು ಕಡೆ ಎಲ್ಲ ಕೇಸ್ ಮುಗಿದ ಮೇಲೆ, ಟೀ ಕುಡಿಯುತ್ತಾ ಇಡೀ ದಿನದ ಹಾಳೆಗಳಿಗೆ ಒಟ್ಟಿಗೆ ಟಿಕ್ ಹಾಕುತ್ತಿದ್ದರು. ಚಾಕು ಇಡುವ ಮೊದಲು ಎಲ್ಲರೂ ನಿಂತು ‘ಯಾರು, ಯಾವ ಕಾಲು, ಆಂಟಿಬಯಾಟಿಕ್ ಕೊಟ್ಟಾಯಿತಾ’ ಅಂತ ಬಾಯಿಬಿಟ್ಟು ಹೇಳಬೇಕು. ಮುಗಿಯುವಾಗ ಮಾಪ್ (ರಕ್ತ ಒರೆಸುವ ಬಟ್ಟೆ) ಎಣಿಸಬೇಕು, ಒಳಗೆ ಉಳಿಯಬಾರದಲ್ಲ. ಹಾಳೆ ಬರೀ ನೆನಪಿಗೆ.

ಲೀಡ್ಸ್ ಕನ್ನಡಿಗ:
ಇಲ್ಲಿ ಇಂಗ್ಲೆಂಡ್‌ನಲ್ಲಿ 2003ರಿಂದ ಕೀಲು ರಿಜಿಸ್ಟ್ರಿ ಇದೆ, ಅಂದರೆ ಕೀಲು ಬದಲಾಯಿಸಿದವರ ದಾಖಲೆ. ಸ್ವೀಡನ್‌ನಲ್ಲಿ ಮಂಡಿಯದು 1975ರಿಂದಲೇ. ಯಾವ ಕೃತಕ ಕೀಲು ಎಷ್ಟು ವರ್ಷಕ್ಕೆ ಕೆಟ್ಟಿತು ಅನ್ನುವುದು ತಿಳಿಯುತ್ತದೆ. ಆಪರೇಷನ್‌ಗೆ ಮೊದಲು, ಆಮೇಲೆ ರೋಗಿಗೇ 12 ಪ್ರಶ್ನೆ ಕೇಳಿ 48ಕ್ಕೆ ಅಂಕ ಕೊಡುತ್ತಾರೆ: ಮೆಟ್ಟಿಲು ಇಳಿಯಬಹುದಾ, ಮಂಡಿಯೂರಿ ಏಳಬಹುದಾ, ಒಬ್ಬರೇ ಅಂಗಡಿಗೆ ಹೋಗಬಹುದಾ. ನಮ್ಮಮ್ಮನಿಗೆ ಬೇಕಾದ್ದು ಮಾತ್ರ ಅದರಲ್ಲಿಲ್ಲ: ಚಕ್ಕಳಮಕ್ಕಳ ಹಾಕಿ ಕೂರಬಹುದಾ ಅನ್ನುವುದು!

ತರೀಕೆರೆಯವನು:
ಶಿವಮೊಗ್ಗದವರಿಗೆ ಫೋನ್ ಮಾಡಿ ಕೇಳಿದೆ. 90 ದಿನದ ಲೆಕ್ಕ ಇದೆ, ಬಂದು ನೋಡಿ ಅಂದರು. ಮುಂದಿನ ವಾರ ಹೋಗುತ್ತೇವೆ.

ಓಟಿ ಸಿಸ್ಟರ್:
ಹೋಗುವಾಗ ಮೂರು ತಿಂಗಳ ಸರಾಸರಿ ಶುಗರ್ ರಿಪೋರ್ಟ್ (HbA1c) ತಗೊಂಡು ಹೋಗಿ. ಹುಳುಕು ಹಲ್ಲೂ ಇನ್‌ಫೆಕ್ಷನ್ ಮೂಲವೇ, ಇದ್ದರೆ ಈಗಲೇ ತೋರಿಸಿ, ಆಪರೇಷನ್ ಆದ ಮೇಲಲ್ಲ.